ಚಕ್ರದ ಪಕ್ಕ ನೀಲತ್ತೆ

ಉಪ್ಪಿನಕಾಯಿಗೆ ವಿನೆಗರ್ ಹಾಕುವವರ ಮನೆಯಲ್ಲಿ ನಾನು ಊಟಕ್ಕೆ ಕೂರುವುದಿಲ್ಲ. ಮಡಿ-ಮೈಲಿಗೆಯ ಮಾತಲ್ಲ ಕಣ್ರೀ, ಆ ಹುಳಿ ಘಾಟು ಮೂಗಿಗೆ ಹೊಡೆದರೆ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹುಣಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಹಗಲೆಲ್ಲ ತುಂಬಿಕೊಂಡಿರುತ್ತಿದ್ದುದು ಅದೇ ಘಾಟು. ಅಪ್ಪ ಫೋಟೋ ಪಟಗಳನ್ನು ಹುಳಿ ಮದ್ದಿನಲ್ಲಿ ತೊಳೆಯುವ ಕತ್ತಲೆ ಕೋಣೆಯ ಬಾಗಿಲ ಸಂದಿಗೆ ಅವ್ವ ಎಷ್ಟು ಹಳೇ ಸೀರೆ ತುರುಕಿದರೂ ಅದು ಹೊರಗೆ ಬಂದು ನಮ್ಮ ಬಟ್ಟೆಗೆ, ತಲೆಗೂದಲಿಗೆ, ಹೊದೆಯುವ ಕಂಬಳಿಗೆ ಮೆತ್ತಿಕೊಳ್ಳುತ್ತಿತ್ತು. ಅದರ ಜೊತೆಗೆ ಪಕ್ಕದ ಖಾದರ್ ಸಾಬರ ಮರಗೆಲಸದ ಕೊಟ್ಟಿಗೆಯಿಂದ ತೇಗದ ಹೊಟ್ಟಿನ ವಾಸನೆ. ಈ ಎರಡೂ ಬೆರೆತರೆ ಅದೇ ನನ್ನ ಬಾಲ್ಯ. ಶಾಲೆಯಲ್ಲಿ ಹುಡುಗಿಯರು ನನ್ನ ಪಕ್ಕ ಕೂತು ಮೂಗು ಮುಚ್ಚಿಕೊಳ್ಳೋರು, ನಾನು ಅವರ ಜಡೆ ಹಿಡಿದು ಎಳೆಯುತ್ತಿದ್ದೆ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಬಚ್ಚಲಿಗೆ ಹಾಕುವ ಟೈಲ್ಸ್ ಮಾರುತ್ತಾರೆ.

ಅಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಹೋಗಿ, ವಿಮಾನ ರಿಪೇರಿ ಮಾಡುವ ಕಡೆ ಫೋಟೋ ತೆಗೆಯುತ್ತಿದ್ದವರೊಬ್ಬರ ಕೈಕೆಳಗೆ ಕೆಲಸ ಕಲಿತವನು. ಯುದ್ಧ ಮುಗಿದು ಊರಿಗೆ ಬರುವಾಗ ಒಂದು ಹಳೇ ಸ್ಟ್ಯಾಂಡ್ ಕ್ಯಾಮೆರಾ, ಒಂದು ಕಟ್ಟು ವಿಮಾನದ ಪಟಗಳು, ತಲೆತುಂಬ ವಿಮಾನದ ಹುಚ್ಚು, ಇಷ್ಟು ತಂದ. ಪಟಗಳು ಸ್ಟುಡಿಯೋದ ಗೋಡೆ ಹತ್ತಿದವು. ಹುಚ್ಚು ನೇರವಾಗಿ ಹೋಗಿ ಹತ್ತಿದ್ದು ಅವನ ತಂಗಿಗೆ, ನನ್ನ ನೀಲತ್ತೆಗೆ. ಚಿಕ್ಕವಳಿದ್ದಾಗ ಅವಳಿಗೆ ಕೀಲುಕೀಲಿಗೂ ನೋವು ಬಂದು, ಜ್ವರ ಬಂದು, ಅದು ಗುಂಡಿಗೆಗೆ ಇಳಿದಿತ್ತಂತೆ. ಮದುವೆಯ ಮಾತೇ ಎತ್ತಬೇಡಿ ಅಂದಿದ್ದರು ಮೈಸೂರಿನ ಡಾಕ್ಟರು. ಬಾವಿಯಿಂದ ಒಂದು ಸಣ್ಣ ಬಿಂದಿಗೆ ನೀರು ತಂದರೆ ಹೊಸ್ತಿಲ ಮೇಲೆ ಕೂತು ಏದುಸಿರು ಬಿಡೋಳು. ಸಂಜೆಯಾದರೆ ಸಣ್ಣಗೆ ಮೈ ಕಾಯುತ್ತಿತ್ತು. ಊರ ಮೇಲೆ ಅಪರೂಪಕ್ಕೆ ವಿಮಾನ ಹಾದರೆ ನಾವೆಲ್ಲ ಹೋ ಅಂತ ಬೀದಿಗೆ ಓಡುತ್ತಿದ್ದೆವು, ಅವಳು ಕಿಟಕಿ ಪಕ್ಕ ಕೂತಲ್ಲೇ ಕಿವಿಗೊಟ್ಟು, “ಎರಡು ಇಂಜಿನ್‌ದು ಕಣೆ, ಡಕೋಟ” ಅನ್ನೋಳು. ನಾವು ಓಡಿಬಂದು ಹೌದು ಅಂದರೆ ಸಾಕು, ಆವತ್ತೆಲ್ಲ ಅವಳ ಮುಖ ಅರಳಿಕೊಂಡಿರುತ್ತಿತ್ತು.

ನಮ್ಮ ಸ್ಟುಡಿಯೋಗೆ ಬೋರ್ಡಿನ ಮೇಲೆ ಬೇರೆಯೇ ಹೆಸರಿತ್ತು, ಜನ ಕರೆಯುತ್ತಿದ್ದುದು ಮಾತ್ರ ಇಮಾನದ ಸ್ಟುಡಿಯೋ ಅಂತ. ಯಾಕೆಂದರೆ ಒಳಗೆ ಒಂದು ಮರದ ವಿಮಾನವಿತ್ತು. ಮುಂದಿನಿಂದ ನೋಡಿದರೆ ವಿಮಾನ, ಹಿಂದೆ ಹೋದರೆ ಒಂದು ಬೆಂಚು. ಬೆಂಚಿನ ಮೇಲೆ ಕೂತು ಕಿಟಕಿಯಲ್ಲಿ ಮುಖ ತೋರಿಸಿದರೆ ಆಕಾಶದಲ್ಲಿ ಹೋಗುವವರ ಪಟ ಸಿದ್ಧ. ಅಪ್ಪನ ಪಟಗಳನ್ನು ಮುಂದಿಟ್ಟುಕೊಂಡು ಅದರ ನಕ್ಷೆ ಬರೆದವಳು ನೀಲತ್ತೆ, ಕೊಯ್ದು ಕೂಡಿಸಿದವರು ಖಾದರ್ ಸಾಬರು. ರೆಕ್ಕೆ ಗಿಡ್ಡ ಆಯ್ತು, ಬಾಲ ಡೊಂಕಾಯ್ತು ಅಂತ ಅವಳು ಮತ್ತೆಮತ್ತೆ ಬಿಚ್ಚಿಸಿದಾಗ ಸಾಬರು ಉಳಿ ಕೆಳಗಿಟ್ಟು, “ಏನಮ್ಮಾ ನೀಲಮ್ಮ, ಇದು ಹಾರೋಕೋ, ಪಟ ತೆಗೆಯೋಕೋ?” ಅಂದರಂತೆ. “ಹಾರೋ ಹಂಗಿರ್ಬೇಕು ಸಾಬ್ರೇ” ಅಂದಳಂತೆ ಇವಳು. ಕೋಟೆ ತಾಲ್ಲೂಕಿನ ಕಡೆಯಿಂದ, ಕೇರಳದ ಗಡಿಗೆ ಅಂಟಿದ ಬೇಗೂರಿನಿಂದೆಲ್ಲ ಜನ ಬಂದು ಅದರಲ್ಲಿ ಕೂರುತ್ತಿದ್ದರು. ಒಬ್ಬ ಯಜಮಾನರು ಕಿಟಕಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, “ಒಂಟೋಗದಾದ್ರೆ ಮೊದ್ಲೇ ಯೋಳಪ್ಪ, ಮನೇಲಿ ಯೋಳ್ಬುಟ್ಟು ಬಂದಿಲ್ಲ” ಅಂದು ನಗಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಊರೆಲ್ಲ ಕೂತ ಆ ಕಿಟಕಿಯಲ್ಲಿ ನೀಲತ್ತೆಯ ಮುಖ ಮಾತ್ರ ಒಂದು ದಿನವೂ ಪಟವಾಗಲಿಲ್ಲ. ಅಜ್ಜಿಯ ಅಪ್ಪಣೆಯಿರಲಿಲ್ಲ.

ಅಜ್ಜಿಯ ನಂಬಿಕೆ ಗಟ್ಟಿ. “ಕಾಯ್ಲೆ ಬಿದ್ದೋರ್ ಪಟ ತೆಗೀಬಾರ್ದು ಕಣ್ಲಾ ಮಗ. ಆ ಪೆಟ್ಟಿಗೆ ಒಂದೊಂದ್ಸಲ ಕಣ್ಣು ಮಿಟುಕಿಸಿದಾಗ್ಲೂ ಒಂದೊಂದ್ವರ್ಸ ನುಂಗ್ಕತದೆ” ಅನ್ನೋಳು. ಕ್ಯಾಮೆರಾದ ಅನ್ನ ಉಂಡುಕೊಂಡೇ ಕ್ಯಾಮೆರಾಕ್ಕೆ ಹೆದರುವ ಮನೆ ಇನ್ನೆಲ್ಲಾದರೂ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅವಳದ್ದೂ ಪೂರ್ತಿ ತಪ್ಪು ಅನ್ನಲಾರೆ. ನಮ್ಮ ಮನೆಯಿಂದ ಹೋಗುತ್ತಿದ್ದ ಪಟಗಳಲ್ಲಿ ಮುಕ್ಕಾಲುಪಾಲು ಸತ್ತವರದ್ದೇ. ನಮ್ಮವರಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಧರಿಸಿ, ಹೂವಿಟ್ಟು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಸುತ್ತ ಮನೆಮಂದಿ ನಿಂತು ಪಟ ತೆಗೆಸುತ್ತಾರೆ. ಬದುಕಿದ್ದಾಗ ಕ್ಯಾಮೆರಾ ಕಂಡಿರದವರಿಗೆ ಅದೇ ಮೊದಲನೆಯದು, ಅದೇ ಕೊನೆಯದು. ಪಿರಿಯಾಪಟ್ಟಣದಿಂದಲೋ, ಕೆ.ಆರ್. ನಗರದಿಂದಲೋ, ಚುಂಚನಕಟ್ಟೆಯಿಂದಲೋ ಬೆಳಗಿನ ಬಸ್ಸಿಗೆ ಆಳು ಬಂದು ಬಾಗಿಲಲ್ಲಿ ನಿಂತು, “ಪಟದೋರು ಬರೋಗಂಟ ಎತ್ತಕ್ಕಿಲ್ಲ, ಬಿರ್‍ನೆ ಬನ್ನಿ ಸ್ವಾಮಿ” ಅಂದರೆ ಅಪ್ಪ ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಏಳುತ್ತಿದ್ದ.

ಆ ಪಟಗಳಿಗೆ ಆಮೇಲೆ ಒಂದು ಕೆಲಸವಿತ್ತು. ಅದಕ್ಕೆ ನಮ್ಮ ಮನೆಯಲ್ಲಿ ಕಣ್ಣು ಬಿಡಿಸುವುದು ಅನ್ನುತ್ತಿದ್ದೆವು. ಕಣ್ಣು ಮುಚ್ಚಿದ ಪಟವನ್ನು ಗೋಡೆಗೆ ಹಾಕಿದರೆ ಮನೆಗೆ ಶ್ರೇಯಸ್ಸಲ್ಲ ಅಂತ ಜನ ನಂಬಿದ್ದರು. ಅದಕ್ಕೇ ಅಚ್ಚಾದ ಪಟದಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ಎಳೆಕೂದಲಿನಂಥ ಕುಂಚದಿಂದ ತೆರೆದ ಕಣ್ಣು ಬರೆಯಬೇಕು. ಅದು ನೀಲತ್ತೆಯ ಪಾಲಿನ ಕೆಲಸ. ಕಿಟಕಿ ಪಕ್ಕದ ಇಳಿಜಾರು ಹಲಗೆಯ ಮುಂದೆ ಕೂತು, ಉಸಿರು ಬಿಗಿಹಿಡಿದು ಬರೆಯೋಳು. ಬರೆಯುವ ಮುಂಚೆ ಬಂದವರನ್ನು ಕೂರಿಸಿಕೊಂಡು, “ಅಜ್ಜಂಗೆ ಸಿಟ್ಟು ಜಾಸ್ತಿ ಇತ್ತಾ? ನಗುವಾಗ ಕಣ್ಣು ಸಣ್ಣಗಾಗ್ತಿತ್ತಾ?” ಅಂತ ಮೆಲ್ಲಗೆ ಕೇಳೋಳು. ಪಟ ಒಯ್ಯಲು ಬಂದ ಹೆಂಗಸರು ಅದನ್ನು ಕೈಗೆ ತೆಗೆದುಕೊಂಡು, “ಇಂಗೇ ನೋಡೋರು ಕಣವ್ವ, ಇಂಗೇ ನೋಡೋರು” ಅಂತ ಗೋಳೋ ಅಂತ ಅತ್ತರೆ ಇವಳೂ ಸೆರಗಿನಿಂದ ಕಣ್ಣೊರೆಸಿಕೊಳ್ಳೋಳು. ನಾಲ್ಕು ತಾಲ್ಲೂಕಿನ ಗೋಡೆಗಳ ಮೇಲಿಂದ ಸತ್ತವರು ಬದುಕಿದವರನ್ನು ನೋಡುತ್ತಿದ್ದುದು ನನ್ನ ನೀಲತ್ತೆ ಕೊಟ್ಟ ಕಣ್ಣಿನಿಂದ. ಈ ಮಾತು ಹೇಳುವಾಗ ನನಗೆ ಈಗಲೂ ಹೆಮ್ಮೆ.

ರಾಜ್ಯವೆಲ್ಲ ಒಂದಾಗಿ ದೊಡ್ಡ ಮೈಸೂರು ಆಗುವುದಕ್ಕೆ ಇನ್ನೂ ಒಂದೆರಡು ವರ್ಷವಿತ್ತು ಅಂತ ನೆನಪು. ಕಡು ಬೇಸಿಗೆ. ಒಂದು ಬೆಳಿಗ್ಗೆ ಮಡಿಕೇರಿ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ನಮ್ಮ ಬಾಗಿಲ ಮುಂದೆಯೇ ಬಸ್ಸು ನಿಲ್ಲಿಸಿ, ಇಳಿಯದೆ, ಬಾಗಿಲಲ್ಲಿ ನೇತಾಡಿಕೊಂಡೇ ಕೂಗಿದ: “ಪಟದಯ್ನೋರೇ, ಪಿರಿಯಾಪಟ್ಟಣದ ಆಚೆ ಕೆರೆಗೆ ಇಮಾನ ಇಳಿದದೆ! ನಿಜವಾದ್ದು ಕಣ್ರೀ!” ನೀರು ಬತ್ತಿ ಗಟ್ಟಿನೆಲವಾಗಿದ್ದ ಕೆರೆಯಂಗಳದಲ್ಲಿ, ಒಂದು ಇಂಜಿನ್ ಕೆಟ್ಟ ಡಕೋಟವೊಂದು ಯಾರಿಗೂ ಏನೂ ಆಗದಂತೆ ಇಳಿದುಬಿಟ್ಟಿತ್ತು. ಬೆಂಗಳೂರಿನಿಂದ ಸಾಮಾನು ಬಂದು ರಿಪೇರಿಯಾದರೆ ಹಾರಿಹೋಗುತ್ತದೆ ಅಂದರು. ಅಪ್ಪ ಆಗಲೇ ಕ್ಯಾಮೆರಾ ಕಟ್ಟುತ್ತಿದ್ದ. ಕಿಟಕಿ ಪಕ್ಕದಿಂದ ನೀಲತ್ತೆ ಎದ್ದು ನಿಂತಳು. ಆ ಹೊತ್ತಿಗೆ ಅವಳ ಪಾದ ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ, ಬೀದಿಗೆ ಕಾಲಿಟ್ಟು ತಿಂಗಳುಗಳಾಗಿದ್ದವು. “ಅವ್ವ, ನಾನೂ ಹೋಗ್ತೀನಿ” ಅಂದಳು.

“ಬಿಸ್ಲಲ್ಲಿ ಬಿದ್ದು ಸಾಯಕ್ಕಾ?” ಅಂದಳು ಅಜ್ಜಿ.

“ಮನೇಲಿದ್ರೂ ಅದೇ ತಾನೆ ಅವ್ವ.”

ಅಜ್ಜಿ ರಾಗಿ ಮೊರ ಕೆಳಗಿಟ್ಟಳು. ಮಗಳ ಮುಖ ನೋಡದೆ ಮಗನ ಕಡೆ ತಿರುಗಿ, “ಕರ್ಕೊಂಡೋಗು. ಕಣ್ತುಂಬ ನೋಡ್ಕಂಡ್ ಬರ್ಲಿ. ಆದ್ರೆ ಪಟ ಮಾತ್ರ ಇಮಾನದ್ದೇ. ಇವಳ ಪಟ ತೆಗಿಯಕ್ಕಿಲ್ಲ ಅಂತ ಲಿಂಗ ಮುಟ್ಟಿ ಯೋಳು” ಅಂದಳು. ಅಪ್ಪ ಅಂಗಿಯೊಳಗೆ ಕೈ ಹಾಕಿ ಕೊರಳ ಲಿಂಗ ಹಿಡಿದು ಮಾತು ಕೊಟ್ಟ. ಆ ಹೊತ್ತಿಗೆ ಅವನಿಗೆ ಅದು ದೊಡ್ಡ ಮಾತಾಗಿ ಕಂಡಿರಲಿಕ್ಕಿಲ್ಲ, ಎಲ್ಲಿ ವಿಮಾನ ಹಾರಿಹೋಗುತ್ತದೋ ಅನ್ನುವ ಅವಸರವೇ ಹೆಚ್ಚಿತ್ತು. ಪಟ ಮೂಡುವ ಗಾಜಿನ ಪ್ಲೇಟುಗಳ ಪೆಟ್ಟಿಗೆ ಹೊರಲು ಖಾದರ್ ಸಾಬರು ಬಂದರು. ನೀಲತ್ತೆಯ ಕೈ ಹಿಡಿಯಲು ಅಂತ ನನ್ನನ್ನು ಕರೆದುಕೊಂಡರು.

ಪಿರಿಯಾಪಟ್ಟಣದವರೆಗೆ ಬಸ್ಸು, ಆಮೇಲೆ ಹುಲ್ಲು ಹಾಸಿದ ಎತ್ತಿನ ಗಾಡಿ. ಕೆರೆಯ ಏರಿ ಹತ್ತಿದಾಗ ಕಂಡಿತು. ನಾನು ಏನೇನೋ ಅಂದುಕೊಂಡಿದ್ದೆ, ಅಷ್ಟು ದೊಡ್ಡದು ಅಂತ ಮಾತ್ರ ಅಂದುಕೊಂಡಿರಲಿಲ್ಲ. ಬಾಲ ನೆಲಕ್ಕೆ ಊರಿ, ಮೂತಿ ಆಕಾಶಕ್ಕೆತ್ತಿ, ಬಿಸಿಲಿಗೆ ಕಣ್ಣು ಕೋರೈಸುವಂತೆ ಹೊಳೆಯುತ್ತ ಕೂತಿತ್ತು. ಸುತ್ತಲಿನ ಊರುಗಳೆಲ್ಲ ಅಲ್ಲಿದ್ದವು. ಕಡಲೆಪುರಿಯವನು ಆಗಲೇ ಅಂಗಡಿ ಹೂಡಿದ್ದ. ಯಾರೋ ಗಾಡಿಯ ಮೇಲೆ ಹತ್ತಿ ನಿಂತು ವಿಮಾನದ ಮೂತಿಗೆ ಮೂರು ಪಟ್ಟೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಚಕ್ರಕ್ಕೆ ತೆಂಗಿನಕಾಯಿ ಒಡೆದಿದ್ದರು. ಮನೆಬಾಗಿಲಿಗೆ ಬಂದದ್ದನ್ನು ಸುಮ್ಮನೆ ನೋಡಿ ಕಳಿಸುವ ಜನವೇ ಅಲ್ಲ ನಮ್ಮವರು. ವಿಮಾನ ಓಡಿಸುವವನು ರೆಕ್ಕೆಯ ನೆರಳಲ್ಲಿ ಕೂತು ಎಳನೀರು ಕುಡಿಯುತ್ತ ಎಲ್ಲವನ್ನೂ ನಗುಮುಖದಿಂದ ನೋಡುತ್ತಿದ್ದ.

ನೀಲತ್ತೆ ಗಾಡಿ ಇಳಿದು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ನಡೆದಳು. ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ, ನಿಂತಾಗಲೆಲ್ಲ ಕಣ್ಣು ಕೀಳದೆ ಅದನ್ನೇ ನೋಡುತ್ತ ಹೋದಳು. ಹತ್ತಿರ ಹೋಗಿ ಅಂಗೈಯನ್ನು ಅದರ ಮೈಗೆ ಒತ್ತಿದಳು. “ತಣ್ಣಗಿರುತ್ತೆ ಅಂದ್ಕಂಡಿದ್ದೆ ಕಣೆ. ನೋಡು, ಇದಕ್ಕೂ ಜ್ವರ ಬಂದದೆ” ಅಂದು ನಕ್ಕಳು. ವಿಮಾನದವನು ಎದ್ದು ಬಂದು, ಒಳಗೆ ಹತ್ತಿ ನೋಡಿ ಅಂತ ಕೈಸನ್ನೆಯಲ್ಲಿ ಏಣಿ ತೋರಿಸಿದ. ಅವಳು ಏಣಿಯನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ಬೇಡ ಬುಡಿ. ಒಳಗೆ ಹತ್ತಿದ್ರೆ ವಿಮಾನ ಕಾಣಕ್ಕಿಲ್ಲ” ಅಂದಳು. ಹತ್ತಲಾರೆ ಅಂತ ಹೇಳಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಅದು ನನಗೂ ಗೊತ್ತಾಯಿತು, ಖಾದರ್ ಸಾಬರಿಗೂ ಗೊತ್ತಾಯಿತು. ಸಾಬರು ಸುಮ್ಮನೆ ಬೇರೆ ಕಡೆ ನೋಡಿದರು.

ಅಪ್ಪ ಸ್ಟ್ಯಾಂಡು ಹೂಡಿದ್ದ. ನೀಲತ್ತೆ ಚಕ್ರದ ಪಕ್ಕ ಹೋಗಿ ಅದಕ್ಕೆ ಕೈ ಆನಿಸಿ ನಿಂತುಕೊಂಡಳು. “ಅಣ್ಣ, ನೀನು ವಿಮಾನದ್ದೇ ತೆಗಿ. ನಾನು ಇಲ್ಲಿ ಸುಮ್ನೆ ನಿಂತಿರ್ತೀನಿ. ನನ್ ಪಟ ತೆಗೆದಂಗಾಗಲ್ಲ ತಾನೆ?” ಅಂದಳು. ಅಪ್ಪ ನಕ್ಕುಬಿಟ್ಟ. ತಾಯಿಗೆ ಕೊಟ್ಟ ಮಾತೂ ಉಳಿಯಬೇಕು, ತಂಗಿಯ ಆಸೆಯೂ ತೀರಬೇಕು. ಸ್ಟ್ಯಾಂಡು ಹೊತ್ತು ಹಿಂದಕ್ಕೆ ನಡೆದ. ಕರಿಬಟ್ಟೆಯೊಳಗೆ ತಲೆ ಹಾಕಿ ನೋಡಿದ, ಇಲ್ಲ ಅಂತ ಇನ್ನೂ ಹಿಂದಕ್ಕೆ ಹೋದ. ಎರಡು ರೆಕ್ಕೆಯ ತುದಿಯೂ, ಬಾಲವೂ, ಮೂತಿಯ ವಿಭೂತಿಯೂ ಪೂರ್ತಿ ಬರುವಷ್ಟು ಹಿಂದಕ್ಕೆ. ಇದು ವಿಮಾನದ್ದೇ ಪಟ ಅಂತ ಯಾರ ಮುಂದೆಯಾದರೂ ಧೈರ್ಯವಾಗಿ ಹೇಳುವಷ್ಟು ಹಿಂದಕ್ಕೆ. ನನ್ನನ್ನೂ ಬಟ್ಟೆಯೊಳಗೆ ಕರೆದು ತೋರಿಸಿದ. ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ವಿಮಾನ ತಲೆಕೆಳಗಾಗಿ ನಿಂತಿತ್ತು, ಚಕ್ರದ ಪಕ್ಕ ಇರುವೆಯಷ್ಟು ನೀಲತ್ತೆ. ಕ್ಯಾಮೆರಾ ಟಕ್ ಅಂದಾಗ ಅವಳು ಉಸಿರು ಬಿಗಿಹಿಡಿದಿದ್ದಳಂತೆ, ಕಣ್ಣು ಬರೆಯುವಾಗ ಹಿಡಿಯುತ್ತಿದ್ದ ಹಾಗೆ. ಆಮೇಲೆ ಅವಳೇ ಹೇಳಿದಳು.

ಸಾಮಾನು ಕಟ್ಟುವಾಗ ಪೆಟ್ಟಿಗೆಯಲ್ಲಿ ಇನ್ನೂ ಪ್ಲೇಟು ಉಳಿದಿತ್ತು. ಅದು ಅವಳ ಕಣ್ಣಿಗೆ ಬಿತ್ತು. “ಅಣ್ಣ, ಒಂದೇ ಒಂದು ಹತ್ರದಿಂದ ತೆಗಿಯಲ್ವಾ?” ಅಂದಳು. ಮಕ್ಕಳು ಬೆಲ್ಲ ಕೇಳುವಾಗ ಇರುತ್ತದಲ್ಲ, ಅಂಥ ದನಿ. ಅಪ್ಪ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ನಿಂತ. “ಲಿಂಗ ಮುಟ್ಟಿದೀನಿ ಕಣವ್ವ ನೀಲ” ಅಂದ. “ಓಗ್ಲಿ ಬುಡಣ್ಣ. ಮಳೆಗಾಲ ಕಳೀಲಿ, ಅವ್ವನ್ನ ನಾನೇ ಒಪ್ಪಿಸ್ತೀನಿ” ಅಂತ ಅವಳೇ ಸಮಾಧಾನ ಮಾಡಿದಳು. ಗಾಡಿ ಕೆರೆಯ ಏರಿ ಇಳಿಯುವವರೆಗೂ ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದಳು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಪಿರಿಯಾಪಟ್ಟಣದ ದಿಕ್ಕಿನಿಂದ ಸದ್ದು ಬಂತು. ನಾನು ಬೀದಿಗೆ ಓಡಲಿಲ್ಲ, ಅವಳ ಪಕ್ಕದಲ್ಲೇ ನಿಂತೆ. ಅವಳು ಕುಂಚ ಕೆಳಗಿಟ್ಟು ಕಣ್ಣು ಮುಚ್ಚಿ ಕೇಳಿದಳು. “ಎರಡೂ ಇಂಜಿನ್ ಸರ್ಯಾಗದೆ ಕಣೆ” ಅಂದಳು. ಸದ್ದು ಮೈಸೂರಿನ ಕಡೆ ಸಣ್ಣಗಾಗಿ ಹೋಯಿತು.

ಮಳೆಗಾಲ ಕಳೆಯಲಿಲ್ಲ. ಆಷಾಢದ ಒಂದು ಬೆಳಿಗ್ಗೆ, ಹೊರಗೆ ಜಡಿಮಳೆ ಹಿಡಿದಿರುವಾಗ, ಕಿಟಕಿ ಪಕ್ಕದ ಹಲಗೆಗೆ ತಲೆಯಾನಿಸಿದ್ದ ನೀಲತ್ತೆಯನ್ನು ಅವ್ವ ಕಾಫಿಗೆ ಅಂತ ಎಬ್ಬಿಸಲು ಹೋದಳು. ಅವ್ವನ ಕೂಗು ಕೇಳಿ ಖಾದರ್ ಸಾಬರು ಕೈಯಲ್ಲಿದ್ದ ಉಳಿಯ ಸಮೇತ ಓಡಿಬಂದರು. ಅಷ್ಟೇ ಕಣ್ರೀ, ಅಷ್ಟು ಸುಲಭವಾಗಿ ಹೋಗಿಬಿಟ್ಟಳು. ಮೀಯಿಸಿ, ಹಸಿರು ಸೀರೆ ಉಡಿಸಿ, ವಿಭೂತಿ ಧರಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಆ ಗೋಡೆಯ ಮೇಲೆ ಅಪ್ಪ ತಂದಿದ್ದ ವಿಮಾನದ ಪಟಗಳಿದ್ದವು. ಬಂದ ನೆಂಟರೆಲ್ಲ ಅಪ್ಪನ ಮುಖ ನೋಡುತ್ತಿದ್ದರು. ನಾಲ್ಕು ತಾಲ್ಲೂಕಿನ ಹೆಣಗಳ ಪಟ ತೆಗೆದವನು ಇವನು. ಆಗ ಅಜ್ಜಿಯೇ ಮಗಳ ಪಾದ ಹಿಡಿದುಕೊಂಡಿದ್ದವಳು ತಲೆಯೆತ್ತಿದಳು. “ತೆಗಿ ಮಗ. ಇನ್ನೇನ್ ನುಂಗ್ತದೆ ಅದು? ಇನ್ ನಾನು ಬ್ಯಾಡ ಅನ್ನಕ್ಕಿಲ್ಲ” ಅಂದಳು.

ಅಪ್ಪ ಸ್ಟ್ಯಾಂಡು ತಂದು ಹೂಡಿದ, ಪ್ಲೇಟು ತಂದ. ಕರಿಬಟ್ಟೆಯೊಳಗೆ ತಲೆ ಹಾಕಿದ. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಅವನು ಬಟ್ಟೆಯೊಳಗೇ ಇದ್ದ. ಬಟ್ಟೆ ನಡುಗುತ್ತಿತ್ತು. ಖಾದರ್ ಸಾಬರು ಹೋಗಿ ಬೆನ್ನ ಮೇಲೆ ಕೈಯಿಟ್ಟು “ಅಣ್ಣಾ” ಅಂದಾಗ ಹೊರಗೆ ಬಂದ. ಅವನ ಮುಖ ನಾನು ನೋಡಬಾರದಿತ್ತು. ಅಜ್ಜಿಯ ಕಡೆ ತಿರುಗಿ, “ಕಣ್ಣು ಬಿಡಿಸೋರು ಯಾರವ್ವ?” ಅಂದ. ಕ್ಯಾಮೆರಾ ಮಡಿಸಿ ಒಳಗಿಟ್ಟು ಬಂದ. ಹಾಗೆಯೇ ಅವಳನ್ನು ಎತ್ತಿಕೊಂಡು ಹೋದರು.

ಆಮೇಲೆ ಅಪ್ಪ ಕೆರೆಯಂಗಳದ ಪ್ಲೇಟನ್ನು ತೆಗೆದುಕೊಂಡು ಕತ್ತಲೆ ಕೋಣೆ ಸೇರಿದ. ಅವಳ ಮುಖವನ್ನಷ್ಟೇ ದೊಡ್ಡದು ಮಾಡಲು ಹೆಣಗಿದ. ದೊಡ್ಡದು ಮಾಡಿದಷ್ಟೂ ಮುಖ ಚುಕ್ಕಿಚುಕ್ಕಿಯಾಗಿ ಕರಗುತ್ತಿತ್ತು. ವಿಮಾನದ ಮೈಮೇಲಿನ ಒಂದೊಂದು ಮೊಳೆಯೂ ಎದ್ದು ಕಾಣುವ ಅಷ್ಟು ಚೆಂದದ ಪಟದಲ್ಲಿ ಅವಳ ಮುಖ ರಾಗಿಕಾಳಿನಷ್ಟು, ಅದರಲ್ಲಿ ಕಣ್ಣೆಲ್ಲಿ, ನಗುವೆಲ್ಲಿ. ಬರೆದು ತುಂಬಿಸಬಹುದಿತ್ತು. ಆ ಕುಂಚ ಹಿಡಿಯುವ ಕೈ ಮಾತ್ರ ಇರಲಿಲ್ಲ. ಕೊನೆಗೆ ಇಡೀ ಪಟವನ್ನೇ ದೊಡ್ಡದಾಗಿ ಅಚ್ಚು ಹಾಕಿದ. ಮರದ ವಿಮಾನ ಮಾಡಿ ಉಳಿದಿದ್ದ ತೇಗದಿಂದ ಖಾದರ್ ಸಾಬರು ಕಟ್ಟು ಹಾಕಿಕೊಟ್ಟರು. ಅಪ್ಪ ಮತ್ತೆ ಸತ್ತವರ ಪಟಕ್ಕೆ ಹೋಗಲಿಲ್ಲ. ಆಳು ಬಂದು ಬಾಗಿಲಲ್ಲಿ ನಿಂತರೆ, ಮೈಸೂರಿನಿಂದ ಕರೆಸಿಕೊಳ್ಳಿ ಸ್ವಾಮಿ ಅನ್ನುತ್ತಿದ್ದ. ಸ್ಟುಡಿಯೋ ಮೆಲ್ಲಮೆಲ್ಲಗೆ ನಿಂತಿತು. ಮರದ ವಿಮಾನದ ಬಣ್ಣ ಉದುರಿತು. ಒಂದು ಮಳೆಗಾಲದಲ್ಲಿ ಅವ್ವ ಅದರ ರೆಕ್ಕೆಯನ್ನು ನಮ್ಮ ಕೊಟ್ಟಿಗೆಯ ಗೋಡೆಗೆ ಎರಚಲು ಹೊಡೆಯದಂತೆ ಅಡ್ಡ ಇಟ್ಟಳು.

ಕಟ್ಟು ಹಾಕಿದ ಪಟ ಪಡಸಾಲೆಗೆ ಬಂದ ದಿನ ಅಜ್ಜಿ ಮಿಂದು ಬಂದು, ಎಲ್ಲ ಮನೆಗಳಲ್ಲೂ ಹೋದವರ ಹಣೆಗೆ ಹಚ್ಚುವಂತೆ, ಗಾಜಿನ ಮೇಲೆ ಮಗಳ ಹಣೆ ಹುಡುಕಿ ವಿಭೂತಿ ಹಚ್ಚಿದಳು. ಬೆರಳು ತೆಗೆದು ನೋಡಿದರೆ ನೀಲತ್ತೆಯೇ ಇರಲಿಲ್ಲ. ಪೂರ್ತಿ ಮುಚ್ಚಿಹೋಗಿದ್ದಳು. “ಅಯ್ಯೋ ನನ್ ಕಂದ” ಅಂತ ಅಜ್ಜಿ ಸೆರಗಿನಿಂದ ಗಾಬರಿಯಲ್ಲಿ ಒರೆಸಿದಳು. ಒರೆಸಿ ಒರೆಸಿ, ಮುಖ ಮತ್ತೆ ಕಂಡ ಮೇಲೆ ಗೋಡೆಗೆ ತಲೆಯಿಟ್ಟು ಅತ್ತಳು. ಮಾರನೆಯ ದಿನದಿಂದ ಅವಳು ವಿಭೂತಿ ಹಚ್ಚಿದ್ದು ವಿಮಾನದ ಮೂತಿಗೆ, ಕೆರೆಯಂಗಳದಲ್ಲಿ ಜನ ಹಚ್ಚಿದ್ದ ಪಟ್ಟೆಗಳ ಮೇಲೆಯೇ. ಬದುಕಿರುವವರೆಗೂ ಹಾಗೆಯೇ ಹಚ್ಚಿದಳು. ಕಣ್ಣಿಗೆ ಪೊರೆ ಬಂದ ಮೇಲೆ ನನ್ನನ್ನು ಕರೆದು, “ನೀಲಿ ಮ್ಯಾಲೇನಾದ್ರೂ ಬಿತ್ತಾ ನೋಡವ್ವ” ಅಂತ ಕೇಳೋಳು. ಇಲ್ಲ ಕಣಜ್ಜಿ, ಕಾಣ್ತಾಳೆ ಅನ್ನುತ್ತಿದ್ದೆ.

ಈಗ ಆ ಪಟ ನನ್ನ ಮನೆಯಲ್ಲಿದೆ. ದಿನವೂ ಹೂವಿಡುತ್ತೇನೆ, ಮೂತಿಗೆ ವಿಭೂತಿ ಹಚ್ಚುತ್ತೇನೆ. ಹೊಸದಾಗಿ ಬಂದವರು, ಇದೇನ್ರೀ, ವಿಮಾನಕ್ಕೆ ಪೂಜೆ ಮಾಡ್ತೀರಾ ಅಂತ ನಗುತ್ತಾರೆ. ಮೊದಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಈಗ ಬರುವುದಿಲ್ಲ. ವಿಮಾನಕ್ಕಲ್ಲ ಕಣ್ರೀ, ನಮ್ಮತ್ತೆಗೆ ಅನ್ನುತ್ತೇನೆ. ಅವರು ಕನ್ನಡಕ ಸರಿಮಾಡಿಕೊಂಡು ಗಾಜಿನ ಹತ್ತಿರ ಬಗ್ಗಿ ಹುಡುಕುತ್ತಾರೆ. ಅಲ್ಲಿ, ಚಕ್ರದ ಪಕ್ಕ ಅಂತ ತೋರಿಸುತ್ತೇನೆ, ಬೆರಳು ತಾಗಿಸದೆ.